ನಾಕಾದಾಚೆಯ ಸೀರೆ

ತೀರಿಕೊಂಡ ಅತ್ತೆಯ ಬಿಗಿದ ಮುಂಗೈಗೆ ಸೊಸೆ ನೀಲಮ ಹಸಿರು ಬಳೆ ಏರಿಸುತ್ತಿದ್ದಾಗ ಫೋನು ಬಂತು. ಅತ್ತೆಯ ತಮ್ಮ ಭರಮು. ಸೀರೆ ಹಿಡಿದುಕೊಂಡು ರಾಜ್ಯದ ಗಡಿಯ ಕೊಗನೊಳ್ಳಿ ತಪಾಸಣೆ ನಾಕಾದ ಆಚೆ ನಿಂತಿದ್ದಾನಂತೆ. ಬಸ್ಸಿಗೆ ಮಸಿ ಬಳಿದ ಜಗಳ ಮತ್ತೆ ಹೊತ್ತಿಕೊಂಡು, ಈ ಕಡೆಯ ಹುಡುಗರು ರಸ್ತೆಗೆ ಅಡ್ಡ ಕೂತಿದ್ದರು. ಮಹಾರಾಷ್ಟ್ರದವರನ್ನು ಒಳಗೆ ಬಿಡುತ್ತಿರಲಿಲ್ಲ.

ಮುತ್ತೈದೆಯಾಗಿ ಹೋದವಳಿಗೆ ತವರಿನ ಸೀರೆ ಹೊದಿಸದೆ ಹೆಣ ಎತ್ತುವ ಹಾಗಿಲ್ಲ. ಅತ್ತೆ ಸುಂದ್ರವ್ವನ ತವರು ಗಡಿಯಾಚೆಯ ಮರಾಠಿ ಮನೆ. ಹೊತ್ತು ಇಳಿಯುತ್ತಿತ್ತು. ನಿಪ್ಪಾಣಿಯಿಂದ ಒಂದು ಸೀರೆ ತಂದು ಹೊದಿಸಿದರಾಯಿತು ಎಂದು ನೆಂಟರು ಗೊಣಗಿದರು. ಮಾವ ಲಗಮಪ್ಪ ಸೊಸೆಯ ಕಡೆ ನೋಡಿದ.

"ಯವ್ವಾ, ಆಕಿನ್ನ ತವರ ಇಲ್ಲದಾಕಿ ಹಂಗ ಕಳಸಬ್ಯಾಡ."

\*

ಸುಂದ್ರವ್ವ ಪಂಚಾಯ್ತಿ ಅಧ್ಯಕ್ಷೆಯಾಗಿದ್ದಾಗಲೂ ಊರು ಹೀಗೇ ಎರಡಾಗಿತ್ತು. ಬೋರ್ಡು ಯಾವ ಭಾಷೆಯಲ್ಲಿರಬೇಕೆಂದು ಕಲ್ಲು ತೂರಾಡಿದರು. ಮರುದಿನ ಆಕೆ ಗಂಡಸರನ್ನು ಕರೆಯಲೇ ಇಲ್ಲ. ಎರಡೂ ಕಡೆಯ ಹುಡುಗರ ತಾಯಂದಿರನ್ನು ಜಮಖಾನದ ಮೇಲೆ ಎದುರುಬದುರು ಕೂಡಿಸಿ, ಚಹಾ ಕುಡಿಸಿ, ಕನ್ನಡದಲ್ಲಿ ಇವರನ್ನೂ ಮರಾಠಿಯಲ್ಲಿ ಅವರನ್ನೂ ಚೆನ್ನಾಗಿ ಬೈದಳು. ಕಲ್ಲು ಹೊಡೆದವರು ಯಾರೆಂದು ಪೊಲೀಸರು ಕೇಳಿದಾಗ, ಹಣೆಗೆ ಹೊಲಿಗೆ ಬಿದ್ದಿದ್ದ ಆಕೆ ಅಂದಿದ್ದು ಇಷ್ಟೇ: "ಊರ ಮಕ್ಕಳ್ರೀ. ಹೆಸರ ಹ್ಯಾಂಗ ಹೇಳ್ಲಿ?"

ಊರು ತಣ್ಣಗಾಯಿತು. ಮುಂದಿನ ಚುನಾವಣೆಯಲ್ಲಿ ಎರಡೂ ಕಡೆಯವರು ಸೇರಿ ಆಕೆಯನ್ನು ಸೋಲಿಸಿದರು. ಅಷ್ಟರ ಮಟ್ಟಿಗೆ ಒಗ್ಗಟ್ಟು ಬಂದಿತ್ತು. ಆ ಸಿಟ್ಟು ನೀಲಮಳಿಗೆ ಇನ್ನೂ ಆರಿರಲಿಲ್ಲ. ತಾನೇ ಪಂಚಾಯ್ತಿ ಸದಸ್ಯೆಯಾದ ಮೇಲೆ, ಗಡಿಯ ಮಾತು ಬಂದರೆ ಬಾಯಿಗೆ ಬೀಗ ಹಾಕಿಕೊಂಡು ಕೂಡುತ್ತಿದ್ದಳು.

\*

ನೀಲಮ ಅಂಗಳಕ್ಕೆ ಬಂದಳು.

"ಸೀರಿ ಬರಾಕ ಆಗದಿದ್ರ ನಾವ ಹೋಗೂಣು. ಚಟ್ಟ ಎತ್ರಿ."

ಸ್ಮಶಾನ ಒಂದು ಕಡೆ, ನಾಕಾ ಇನ್ನೊಂದು ಕಡೆ. ಹೆಣವನ್ನು ಹೀಗೆ ತಿರುಗಿಸಬಾರದೆಂದು ಹಿರಿಯರು ತಡೆದರು. ಹೆಂಗಸರು ಚಟ್ಟದ ಹಿಂದೆ ಹೋಗುವ ಪದ್ಧತಿಯೂ ಇರಲಿಲ್ಲ. ನೀಲಮ ಚಟ್ಟದ ಮುಂದೆಯೇ ನಡೆದಳು.

ರಸ್ತೆಯಲ್ಲಿ ಕೂತವರ ಮುಂದಾಳು ವಿಕ್ರಾಂತ, ಅದೇ ಊರಿನವನು. ಹೆಣ ಕಂಡು ಘೋಷಣೆ ನಿಂತಿತು. ನೀಲಮ ಅವನ ಎದುರಿಗೆ ಹೋಗಿ ನಿಂತಳು.

"ಈಕಿ ತವರ ಅಲ್ಲಿ ನಿಂತೈತಿ, ತಮ್ಮಾ. ಬಿಟ್ರ ಬಿಡು. ಇಲ್ಲಂದ್ರ ಈಕೀನೂ ನಿಮ್ಮ ಜೋಡಿ ಇಲ್ಲೇ ಇರ್ತಾಳ."

ವಿಕ್ರಾಂತನ ಕಣ್ಣು ಸುಂದ್ರವ್ವನ ಹಣೆಯ ಹೊಲಿಗೆಯ ಗುರುತಿನ ಮೇಲೆ ನಿಂತಿತು. ಆಮೇಲೆ ಎದ್ದು ಬ್ಯಾರಿಕೇಡು ಸರಿಸಿದ.

ಭರಮು ಬಂದು ಅಕ್ಕನ ಮುಖ ನೋಡಿ ಅತ್ತ. ಸೀರೆಯ ಮಡಿಕೆ ಬಿಚ್ಚಿದರೆ ಹೆದ್ದಾರಿಯ ಗಾಳಿಗೆ ಅದು ಒಬ್ಬನ ಕೈಗೆ ನಿಲ್ಲಲಿಲ್ಲ. ಇನ್ನೊಂದು ತುದಿ ಹಿಡಿಯಲು ವಿಕ್ರಾಂತ ಮುಂದೆ ಬಂದ. ಕೈಯಲ್ಲಿ ಕೆಂಪು-ಹಳದಿ ಬಾವುಟ. ನೆಲಕ್ಕೆ ಇಡಲು ಮನಸ್ಸಾಗದೆ ಅತ್ತಿತ್ತ ನೋಡಿದ. ಭರಮು ಅದನ್ನು ಇಸಿದುಕೊಂಡು, ತನ್ನ ಬಗಲಲ್ಲಿ ಭದ್ರವಾಗಿ ಅವುಚಿಕೊಂಡು, ಸೀರೆಯ ತುದಿಯನ್ನು ಅವನ ಕೈಗೆ ಕೊಟ್ಟ.