ಸರಸಮ್ಮನ ಮಿಷನ್ನಿಗೆ ಕುಂಕುಮ

ಮಧುಗಿರಿಯ ಉಣ್ಣೆ ನೇಕಾರರ ಸಂಘದಲ್ಲಿ ಟೈಪಿಸ್ಟ್ ಆಗಿದ್ದ ಸರಸಮ್ಮ ಸುಮ್ಮಸುಮ್ಮನೆ ಕೋಪ ಮಾಡಿಕೊಳ್ಳುವ ಹೆಂಗಸಲ್ಲ. ಮಾಡಿಕೊಂಡರೆ ಮಾತ್ರ ಅದನ್ನು ಉಪ್ಪಿನಕಾಯಿಯಂತೆ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಕಾಯುತ್ತಿದ್ದಳು. ಸಂಘದ ಕಾರ್ಯದರ್ಶಿ ಪರ್ವತಯ್ಯನಿಗೆ ಇದು ಗೊತ್ತಿರಲಿಲ್ಲ, ಪಾಪ. ಪಾಪ ಅನ್ನುವುದು ಬಾಯಿಮಾತಿಗೆ.

ಹದಿನೇಳು ವರ್ಷ ಅವಳು ಒಂದೇ ಟೈಪ್‌ರೈಟರಿನ ಮುಂದೆ ಕೂತವಳು. ಅದರ ರೋಲರಿನ ರಬ್ಬರು ಕಲ್ಲಾಗಿತ್ತು. ಎಲ್ಲೋ ಒಂದು ಸ್ಪ್ರಿಂಗ್ ಹೋಗಿ, ಅಲ್ಲಿ ಅವಳ ಜಡೆಯ ಟೇಪಿನ ತುಂಡು ಕೆಲಸ ಮಾಡುತ್ತಿತ್ತು. ಗುದ್ದಿದರೆ ಮಾತ್ರ ಅಕ್ಷರ ಮೂಡುತ್ತಿತ್ತು, ಗುದ್ದಿದರೆ ಸೊನ್ನೆ, ಚುಕ್ಕಿಗಳು ಕಾಗದವನ್ನೇ ತೂತು ಮಾಡುತ್ತಿದ್ದವು. ಆದರೂ ಅವಳಿಗೆ ಅದರ ಮೇಲೆ ಪ್ರಾಣ. ಇಬ್ಬರು ಹೆಣ್ಣುಮಕ್ಕಳ ಮದುವೆಯಾದದ್ದು ಅದರ ದುಡಿಮೆಯಲ್ಲೇ.

ಎಂಬತ್ತಮೂರರ ಆಯುಧಪೂಜೆ ಹತ್ತಿರ ಬಂದಾಗ ಪರ್ವತಯ್ಯ ಅವಳ ಕಾಗದವೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಆಫೀಸಿಗೆಲ್ಲ ತೋರಿಸಿದ.

"ನೋಡ್ರಪ್ಪಾ, ಸರಸಮ್ಮನೋರು ಪತ್ರ ಟೈಪ್ ಮಾಡವ್ರೋ, ಜರಡಿ ಮಾಡವ್ರೋ."

ಎಲ್ಲರೂ ನಕ್ಕರು. ಮರುದಿನ ಹೊಸ ಮಿಷನ್ನು ಬಂತು. ಅದರ ಮುಂದೆ ಪರ್ವತಯ್ಯನ ನಾದಿನಿ ಕೂತಳು. ಸರಸಮ್ಮನಿಗೆ ಅಂಚೆಚೀಟಿ ಅಂಟಿಸುವ ಕೆಲಸ.

ಪೂಜೆಯ ದಿನ ಬೀರು, ಬೀಗ, ಸೈಕಲ್ಲು, ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಮಿಷನ್ನು, ಎಲ್ಲಕ್ಕೂ ಅರಿಶಿನ ಕುಂಕುಮ ಬಿತ್ತು. ಮೂಲೆಗೆ ತಳ್ಳಿದ್ದ ತನ್ನ ಮಿಷನ್ನಿಗೂ ಒಂದು ಬೊಟ್ಟು ಇಡೋಣವೆಂದು ಸರಸಮ್ಮ ಹೋದರೆ, ಪರ್ವತಯ್ಯ ಅವಳ ಕೈಯಿಂದ ಬಟ್ಟಲು ಕಿತ್ತುಕೊಂಡ.

"ಗುಜರಿಗೆಲ್ಲಾ ಯಾತರ ಪೂಜೆ ರೀ? ಹೋಗಿ ಚೀಟಿ ಅಂಟ್ಸೋಗಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇವನ ಇದೇ ಕೈಯಲ್ಲಿ ಇದೇ ಮಿಷನ್ನಿಗೆ ಕುಂಕುಮ ಇಡಿಸದಿದ್ದರೆ ತಾನು ಪುರವರ ಊರಿನ ಮಗಳೇ ಅಲ್ಲ ಅಂದುಕೊಂಡಳು. ಸಿರಾದ ಗುಜರಿಯವನು ಬರುವ ಮುಂಚೆ, ಅವನು ಕೊಡುತ್ತಿದ್ದ ರೇಟಿಗೇ ಅದನ್ನು ಪೆಟ್ಟಿಗೆ ಸಮೇತ ಮನೆಗೆ ಸಾಗಿಸಿದಳು.

ಒಂದು ವರ್ಷ ಕಳೆಯಿತು. ಮತ್ತೆ ಹಬ್ಬಕ್ಕೆಂದು ಪೆಟ್ಟಿಗೆ ಒರೆಸುವಾಗ ಅದರ ತಳದಲ್ಲಿ ಹಳೇ ಕಾರ್ಬನ್ ಹಾಳೆಗಳು ಸಿಕ್ಕವು. ಎಸೆಯಲು ಮನಸ್ಸಾಗದೆ ಅವಳೇ ಕೂಡಿಟ್ಟಿದ್ದವು. ಇನ್ನೂ ಮಸಿ ಇದೆಯೇ ಎಂದು ಒಂದನ್ನು ಕಿಟಕಿಗೆ ಹಿಡಿದಳು. ಒಂದೇ ಸಲ ಬಳಸಿದ ಹಾಳೆ, ಮೇಲೆ ಅವಳ ಗುದ್ದು ಬೇರೆ. ನಂಬರು, ತಾರೀಖಿನ ಸಮೇತ ಇಡೀ ಪತ್ರ ಬೆಳಕಿನಲ್ಲಿ ಎದ್ದು ಕಂಡಿತು.

'ಬರಗೂರಿನ ನೇಕಾರರು ತಮಗೆ ಮಗ್ಗ ಬೇಡವೆಂದು ತಿಳಿಸಿರುವುದರಿಂದ, ಆ ಹನ್ನೆರಡು ಮಗ್ಗಗಳನ್ನು...'

ಮುಂದಿದ್ದದ್ದು ಕೊರಟಗೆರೆಯಲ್ಲಿದ್ದ ಪರ್ವತಯ್ಯನ ಭಾವಮೈದನ ಹೆಸರು. ಮಗ್ಗ ಹಂಚುವ ತುಮಕೂರಿನ ಸರ್ಕಾರಿ ಕಚೇರಿಗೆ ಹೋದ ಪತ್ರ ಅದು. ಆಫೀಸಿನ ನಕಲನ್ನು ಪರ್ವತಯ್ಯ ಅಂದೇ ಹರಿದು ಜೇಬಿಗೆ ಹಾಕಿಕೊಂಡದ್ದು ಅವಳಿಗೆ ಈಗ ನೆನಪಾಯಿತು. ಟೈಪ್ ಮಾಡಿದವಳು ಅವಳೇ. ಕೊಟ್ಟದ್ದನ್ನು ಬೆರಳು ಬಡಿಯುತ್ತಿತ್ತು, ತಲೆ ಓದುತ್ತಿರಲಿಲ್ಲ.

ಬರಗೂರಿನ ನೇಕಾರ ಜುಂಜಪ್ಪ ಎರಡು ವರ್ಷದಿಂದ ಸಂಘದ ಮೆಟ್ಟಿಲು ತುಳಿಯುತ್ತಲೇ ಇದ್ದ. ಹೋದಾಗಲೆಲ್ಲ ಪರ್ವತಯ್ಯನದು ಒಂದೇ ಉತ್ತರ: ತುಮಕೂರಿನಿಂದ ಮಗ್ಗ ಬಂದಿಲ್ಲ.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಸರಸಮ್ಮ ಪರ್ವತಯ್ಯನ ಮೇಜಿನ ಹತ್ತಿರ ಹೋಗಿ ಮೆಲ್ಲಗೆ ಅಂದಳು: "ಸಾರ್, ಬರಗೂರಿನ ಮಗ್ಗದ ಪತ್ರ ಇತ್ತಲ್ಲ, ಅದರ ಕಾರ್ಬನ್ ನನ್ನ ಪೆಟ್ಟಿಗೇಲಿ ಸಿಕ್ತು. ಅಕ್ಷರ ಎಲ್ಲಾ ಚೆನ್ನಾಗಿ ಕಾಣ್ತವೆ."

ಅವನ ಮುಖ ಸುಣ್ಣವಾಯಿತು. ಹಬ್ಬದ ಬೆಳಿಗ್ಗೆ ಹೂವು ಹಣ್ಣು ಹಿಡಿದು ಅವಳ ಮನೆ ಬಾಗಿಲಲ್ಲಿ ನಿಂತಿದ್ದ.

"ಸರಸಮ್ಮ, ನೀನು ನನ್ನ ತಂಗಿ ಇದ್ದಂಗೆ. ಆ ಹಾಳೆ ಕೊಟ್ಬುಡು. ನಾಳೆಯಿಂದ ಹೊಸ ಮಿಷನ್ನು ನಿಂದೇ."

"ಮೊದ್ಲು ಪೂಜೆ ಆಗ್ಲಿ ಸಾರ್. ಪೂಜೆ ನೀವೇ ಮಾಡ್ಬೇಕು."

ನಡುಮನೆಯಲ್ಲಿ ಮಣೆಯ ಮೇಲೆ ಹಳೇ ಮಿಷನ್ನು ಕೂತಿತ್ತು. ಪರ್ವತಯ್ಯ ಒಮ್ಮೆ ಅದನ್ನು ನೋಡಿದ, ಒಮ್ಮೆ ಅವಳನ್ನು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಮಂಡಿಯೂರಿ ಅರಿಶಿನ ಹಚ್ಚಿದ, ಕುಂಕುಮ ಇಟ್ಟ, ಕರ್ಪೂರ ಬೆಳಗಿದ.

"ಕೀಲಿಗೊಂದೊಂದು ಬೊಟ್ಟು ಇಡಿ ಸಾರ್. ಅವೆಲ್ಲ ದುಡಿದವು."

ಒಂದೊಂದಕ್ಕೂ ಇಟ್ಟ. ಸರಸಮ್ಮ ಗೋಡೆಗೊರಗಿ ನಿಂತು, ಒಂದೂ ಬಿಡದಂತೆ ಎಣಿಸಿದಳು. ಅವಳಿಗೆ ಮರುಕ ಬರಲಿಲ್ಲ. ಹಿತವಾಗಿತ್ತು, ಬಹಳ ಹಿತವಾಗಿತ್ತು.

ಕಾಯಿ ಒಡೆದು ಅವನು ಕೈ ಚಾಚಿದ. "ಈಗ ಕೊಡಮ್ಮ."

"ಅದು ಇಲ್ಲಿಲ್ಲ ಸಾರ್. ನಿಮಗೆ ಹೇಳೋ ಹಿಂದಿನ ದಿನಾನೇ ಜುಂಜಪ್ಪನ ಕೈಗೆ ಕೊಟ್ಟೆ. ಬರಗೂರಿನೋರು ಹತ್ತು ಜನ ತುಮಕೂರಿಗೆ ಹೋಗಿದ್ರು. ನಂಬರು ನೋಡಿ ಸಾಹೇಬ್ರು ಫೈಲ್ ತೆಗೆಸಿದ್ರಂತೆ, ನಿಮ್ಮ ಸೈನ್ ಇರೋ ಪತ್ರಾನೇ ಸಿಕ್ತಂತೆ."

ಪರ್ವತಯ್ಯ ತಿರುಗಿ ಕುಂಕುಮ ತುಂಬಿದ ಮಿಷನ್ನನ್ನು ನೋಡಿದ. "ಮತ್ತೆ ನನ್ನ ಕೈಲಿ ಇದನ್ನೆಲ್ಲಾ ಯಾಕೆ ಮಾಡಿಸ್ದೆ?"

"ಹೋದೊರ್ಷದ ಪೂಜೆ ಹಂಗೇ ನಿಂತೋಗಿತ್ತಲ್ಲ ಸಾರ್."

ಇನ್ನೂ ಚಾಚಿಕೊಂಡೇ ಇದ್ದ ಅವನ ಅಂಗೈಗೆ ಕಾಯಿಹೋಳು ಇಟ್ಟು, ಅವಳು ಬಾಗಿಲವರೆಗೂ ಜೊತೆಗೆ ಬಂದಳು.

"ಸಸ್ಪೆಂಡ್ ಆದ್ರೆ ಅಪೀಲು ಬರೀಬೇಕಾಗ್ತದೆ. ಬನ್ನಿ, ನಾನೇ ಟೈಪ್ ಮಾಡ್ಕೊಡ್ತೀನಿ. ಅಲ್ಲಲ್ಲಿ ತೂತು ಬೀಳ್ತದೆ, ಅಷ್ಟೇ."