ನಡುಹಗಲಲ್ಲಿ ಅಳಿಸಿದ ಗೆರೆ

ಬೆಳಿಗ್ಗೆ ಎಂಟರ ಉಪಗ್ರಹ ಚಿತ್ರದಲ್ಲಿ ಕಾಡ್ಗಿಚ್ಚಿನ ಹೊಗೆ ಹಾಲು ಚೆಲ್ಲಿದ ಹಾಗೆ ಕಣಿವೆಯುದ್ದಕ್ಕೂ ಹರಡಿಕೊಂಡಿತ್ತು. ಅದರ ಅಂಚಿಗೆ ಗೆರೆ ಎಳೆಯುವುದು ನನ್ನ ಕೆಲಸ. ಆ ಗೆರೆ ಗಂಟೆಗೊಮ್ಮೆ ನಕ್ಷೆಯಾಗಿ ಜನರ ಫೋನಿಗೆ ಹೋಗುತ್ತದೆ. ಗೆರೆಯೊಳಗಿನವರು ಕಿಟಕಿ ಮುಚ್ಚಿಕೊಂಡು ಮನೆಯಲ್ಲೇ ಇರಬೇಕು. ಆ ದಿನ ಗೆರೆಯೊಳಗೆ ನನ್ನ ಅಜ್ಜಿಯೂ ಇದ್ದಳು. ಅವಳಿಗೆ ಉಬ್ಬಸ. ಮಾವ ಕೆಲಸಕ್ಕೆ ಹೋದರೆ ಮೂರನೇ ಮಹಡಿಯ ಮನೆಯಲ್ಲಿ ಅವಳೊಬ್ಬಳೇ.

ಹತ್ತಕ್ಕೆ ಫೋನ್ ಮಾಡಿದಳು. "ಏನೇ ಹೊಗೆರಾಣಿ, ಇನ್ನೆಷ್ಟು ಹೊತ್ತು ಈ ಸೆರೆಮನೆ? ಒಳಗೇ ಬೆಂದುಹೋಗ್ತಿದ್ದೀನಿ."

"ನಕ್ಷೆ ನೋಡ್ತಿರು ಅಜ್ಜಿ. ಗೆರೆ ಹೋದಮೇಲೆ ಕಿಟಕಿ ತೆಗೆ."

"ಚಿಕ್ಕವಳಿದ್ದಾಗ ಗೋಡೆ ತುಂಬ ಗೀಚಿ ನನ್ನ ಹತ್ತಿರ ಏಟು ತಿಂತಿದ್ದೆ. ಈಗ ನೋಡು, ಗೀಚಿದ್ದಕ್ಕೇ ಸಂಬಳ!"

ಮಧ್ಯಾಹ್ನ ಮೇಷ್ಟ್ರು ಎದ್ದರು. ನಮ್ಮ ವಿಭಾಗದ ಹಿರಿಯರನ್ನು ಎಲ್ಲರೂ ಕರೆಯುವುದೇ ಹಾಗೆ. "ಹಲ್ಲು ಕೀಳಿಸಿಕೊಂಡು ಬರ್ತೀನಿ. ಅಷ್ಟರಲ್ಲಿ ನೀನು ಆಕಾಶ ಕಿತ್ತಿಡಬೇಡ."

ಅವರು ಹೋದ ಸ್ವಲ್ಪ ಹೊತ್ತಿಗೆ ಪಶ್ಚಿಮದ ಬತ್ತಿದ ಕೆರೆಯ ತಳದಿಂದ ಧೂಳೆದ್ದಿತು. ಧೂಳನ್ನು ಗುರುತಿಸುವ ಚಿತ್ರದಲ್ಲಿ ಅದರ ಬಣ್ಣ ಕಡುಗುಲಾಬಿ. ಹತ್ತು ನಿಮಿಷಕ್ಕೊಂದು ಚಿತ್ರ; ಒಂದೊಂದರಲ್ಲೂ ಆ ಧೂಳಿನ ಸೆರಗು ಇನ್ನಷ್ಟು ಬಿಚ್ಚಿಕೊಳ್ಳುತ್ತಿತ್ತು. ಮೈಮರೆತು ಕೂತೆ. ಅದಕ್ಕೂ ಗೆರೆ ಎಳೆದು ಕಣಿವೆಯತ್ತ ತಿರುಗಿದರೆ ಹೊಗೆಯೇ ಇಲ್ಲ. ಕಂದು ನೆಲ, ರಸ್ತೆ, ಅಜ್ಜಿಯ ಊರು, ಎಲ್ಲ ತೊಳೆದಿಟ್ಟ ತಟ್ಟೆಯ ಹಾಗೆ. ಗಾಳಿ ಹೊತ್ತೊಯ್ದಿರಬೇಕು ಅಂದುಕೊಂಡು ಗೆರೆ ಅಳಿಸಿದೆ. ಪಾಪ, ಅಜ್ಜಿ ಉಸಿರಾಡಲಿ ಎಂದು ಮಧ್ಯಾಹ್ನ ಒಂದಕ್ಕೆ ಹೋಗಬೇಕಿದ್ದ ನಕ್ಷೆಯನ್ನು ಐದು ನಿಮಿಷ ಮೊದಲೇ ಕಳಿಸಿಬಿಟ್ಟೆ.

ನಾಲ್ಕರ ಹೊತ್ತಿಗೆ, ಸೂರ್ಯ ವಾಲಿದಾಗ, ಅದು ಬಂತು. ಬಂತು ಅನ್ನುವುದೂ ತಪ್ಪು, ಯಾವ ದಿಕ್ಕಿನಿಂದಲೂ ಬರಲಿಲ್ಲ. ಅಳಿಸಿದ ಜಾಗದಲ್ಲೇ, ಒಂದೊಂದು ಚಿತ್ರಕ್ಕೂ ಚೂರುಚೂರೇ ಬೆಳ್ಳಗಾಯಿತು, ಬೆಳಿಗ್ಗೆಗಿಂತ ದಪ್ಪವಾಗಿ. ಅಜ್ಜಿಯ ಕಥೆಗಳಲ್ಲಿ ದೆವ್ವ ಬಾಗಿಲು ತಟ್ಟಿ ಬರುತ್ತಿರಲಿಲ್ಲ. ಮೊದಲಿನಿಂದಲೂ ಮನೆಯಲ್ಲೇ ಇರುತ್ತಿತ್ತು. ದೀಪ ಹಚ್ಚಿದಾಗ ಗೊತ್ತಾಗುತ್ತಿತ್ತು, ಅಷ್ಟೆ.

ಮೇಷ್ಟ್ರು ಊದಿದ ಕೆನ್ನೆ ಹಿಡಿದುಕೊಂಡು ನನ್ನ ಹಿಂದೆ ಬಂದು ನಿಂತರು. "ಅಳಿಸಿದ್ಯಾ?"

"ಹೊಗೆ ಹೋಗಿತ್ತು ಸಾರ್."

"ಸೂರ್ಯ ನೆತ್ತಿ ಮೇಲಿದ್ದಾಗ ಹೊಗೆ ನೆಲದ ಬಣ್ಣದಲ್ಲಿ ಕರಗಿಹೋಗುತ್ತೆ ಕಣಮ್ಮ. ಓರೆ ಬೆಳಕು ಬಿದ್ದರೇನೇ ಹೊಳೆಯೋದು. ಅದೆಲ್ಲೂ ಹೋಗಿರಲಿಲ್ಲ. ಊರಲ್ಲಿ ಗಾಳಿ ಅಳೆಯೋ ಯಂತ್ರ ಇದೆಯಲ್ಲ, ಅದರ ಅಂಕಿ ನೋಡಲಿಲ್ವಾ?"

ನೋಡಿರಲಿಲ್ಲ. ಅವರು ಗೆರೆ ಎಳೆಯಲು ಕೂತರು, ನಾನು ಫೋನ್ ಹಿಡಿದೆ. ತುಂಬ ಹೊತ್ತು ರಿಂಗಾದ ಮೇಲೆ ಎತ್ತಿಕೊಂಡಳು.

"ಅಜ್ಜಿ, ಕಿಟಕಿ?"

"ಐದನ್ನೂ ತೆಗೆದು ಹಾಯಾಗಿ ಮಲಗಿಬಿಟ್ಟಿದ್ದೆ." ಒಣ ಎಲೆ ಉಜ್ಜಿದಂಥ ಧ್ವನಿ. "ಸುಟ್ಟ ವಾಸನೆ ಬಂತು ಕಣೇ. ನನ್ನ ಮೂಗಿಗೂ ಅರಳುಮರಳು ಅಂದುಕೊಂಡೆ. ನಿನ್ನ ನಕ್ಷೆಯಲ್ಲಿ ಇರಲಿಲ್ಲವಲ್ಲ."

"ನಕ್ಷೆ ತಪ್ಪು ಅಜ್ಜಿ. ನಾನೇ ತಪ್ಪು ಮಾಡಿದೆ. ಈಗಲೇ ಮುಚ್ಚು!"

"ಸುಮ್ನಿರೇ. ನನ್ನ ಮೊಮ್ಮಗಳು ತಪ್ಪು ಗೆರೆ ಎಳೆಯಲ್ಲ."

ಆದರೂ ಎದ್ದಳು. ಚಪ್ಪಲಿ ಎಳೆದ ಸದ್ದು. ಒಂದು ಕಿಟಕಿ. ಸಿಳ್ಳಿನಂಥ ಉದ್ದನೆಯ ಉಸಿರು. ಎರಡು. ಮೂರನೆಯದಕ್ಕೆ ಎಷ್ಟು ಹೊತ್ತು ತೆಗೆದುಕೊಂಡಳೋ. ನಾಲ್ಕು. ಐದು.

"ಭದ್ರ ಮಾಡಿದೆ ಪುಟ್ಟಿ. ಆದರೆ ಎದುರಿನ ಗೋಡೆ ಕಾಣ್ತಿಲ್ಲ. ಒಳಗೆ ನಾನೊಬ್ಬಳೇ ಇದ್ದ ಹಾಗಿಲ್ಲ."

ಒಳಗೆ ನುಗ್ಗಿದ್ದ ಹೊಗೆಯನ್ನು ಅವಳ ಜೊತೆಗೇ ಕೂಡಿಹಾಕಿಸಿದ್ದೆ ನಾನು.

"ಅಜ್ಜಿ, ಹೊರಗೆ ಬಾ! ಪಕ್ಕದ ಮನೆಗೆ ಹೋಗು!" ಎಂದು ಕಿರುಚಿದೆ. ಮೇಷ್ಟ್ರು ಆಗಲೇ ಇನ್ನೊಂದು ಫೋನಿನಲ್ಲಿ ಆಂಬ್ಯುಲೆನ್ಸಿಗೆ ವಿಳಾಸ ಹೇಳುತ್ತಿದ್ದರು. ಅಷ್ಟರಲ್ಲಿ ಅಜ್ಜಿ ಫೋನನ್ನು ಎಲ್ಲೋ ಇಟ್ಟಿರಬೇಕು. ದೂರದಲ್ಲಿ, ಮನೆಗೆ ಬಂದ ಹಿರಿಯರೊಡನೆ ಮಾತಾಡುವಷ್ಟು ಮೆಲ್ಲಗೆ, ಅವಳ ದನಿ ಕೇಳಿಸಿತು:

"ಸ್ವಲ್ಪ ಸರಿದು ನಿಲ್ತೀರಾ? ಬಾಗಿಲು ಕಾಣ್ತಿಲ್ಲ."