ಕೊಲೆಗಾರನ ಉಸಿರು

ಅಪ್ಪನನ್ನು ಕೊಲೆಗಾರನನ್ನಾಗಿ ಮಾಡುವ ಯೋಚನೆ ಚುಕ್ಕಿಯದೇ. ಕಾಲೇಜಿನಲ್ಲಿ ಸಿನಿಮಾ ಪಾಠ ತೆಗೆದುಕೊಂಡಿದ್ದ ಅವಳ ತರಗತಿಗೆ ಆ ವರ್ಷ ಕೊಟ್ಟಿದ್ದ ದೊಡ್ಡ ಕೆಲಸ ಒಂದೇ: ಥ್ರಿಲ್ಲರ್ ಸಿನಿಮಾವೊಂದರ ಮೊದಲ ಎರಡು ನಿಮಿಷವನ್ನು ತಾವೇ ಬರೆದು, ಶೂಟ್ ಮಾಡಿ, ಜೋಡಿಸಿ ಕೊಡಬೇಕು. ಮುಂದೆ ಕಥೆ ಎತ್ತ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ನೋಡುವವರ ಎದೆ ಡವಗುಟ್ಟಿದರೆ ಸಾಕು. ಚುಕ್ಕಿಗೆ ಜೊತೆಯಾಗಿ ಸಿಕ್ಕಿದವನು ದಪ್ಪ ಗಾಜಿನ ಹುಡುಗ. ಮನೆಯಲ್ಲಿ ಇಟ್ಟ ಹೆಸರು ಮರೆತುಹೋಗುವಷ್ಟು ಎಲ್ಲರೂ ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದರು. ಕ್ಯಾಮೆರಾ ಅವಳದು, ಎಡಿಟಿಂಗ್ ಅವನದು ಎಂದು ಮಾತಾಯಿತು. ಅಪ್ಪನಿಗೆ ಅಗಲವಾದ ಭುಜ, ದಪ್ಪ ಕೈ. ಬೆನ್ನು ಕಂಡರೆ ಯಾರಾದರೂ ಹೆದರಬೇಕು ಎಂದುಕೊಂಡಳು ಚುಕ್ಕಿ. ಕೇಳಿದಾಗ ಅಪ್ಪ ತಿನ್ನುತ್ತಿದ್ದುದನ್ನು ಬಿಟ್ಟು, ಎದ್ದು ಹೋಗಿ ಕನ್ನಡಿ ನೋಡಿಕೊಂಡು ಬಂದ.

ಅವನದು ಅಡುಗೆಮನೆಗಳಿಗೆ ಕಲ್ಲಿನ ಕಟ್ಟೆ ಕೂರಿಸುವ ಕೆಲಸ. ಚಪ್ಪಡಿ ಕೊಯ್ಯಬೇಕು, ಅಂಚು ಉಜ್ಜಿ ನುಣುಪು ಮಾಡಬೇಕು, ಸಿಂಕಿಗೆ ಜಾಗ ಕೊರೆಯಬೇಕು. ಸಂಜೆ ಮನೆಗೆ ಬರುವಾಗ ಹುಬ್ಬು, ಕಿವಿ, ಮೂಗಿನ ಹೊಳ್ಳೆ ಎಲ್ಲ ಬೆಳ್ಳಗಾಗಿರುತ್ತಿದ್ದವು. ಹಿಟ್ಟಿನ ಗಿರಣಿಯಿಂದ ಬಂದ್ಯಾ ಎಂದು ಅಮ್ಮ ರೇಗಿಸುತ್ತಿದ್ದಳು. ಆಗಷ್ಟೇ ಕೆಲಸ ಮುಗಿಸಿದ್ದ ಒಂದು ಖಾಲಿ ಮನೆಯನ್ನು ಅದರ ಮಾಲೀಕರಿಂದ ಒಂದು ಭಾನುವಾರದ ಬೆಳಗಿಗೆ ಕೇಳಿ ಕೊಡಿಸಿದವನೂ ಅಪ್ಪನೇ. ಸೋಫಾ ಇಲ್ಲ, ಪರದೆ ಇಲ್ಲ, ಮಾತಾಡಿದರೆ ಗೋಡೆ ತಿರುಗಿ ಮಾತಾಡುವಂಥ ಮನೆ. ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕುವುದಿಲ್ಲ ಎಂದು ಕನ್ನಡಕ ಕುಣಿದಾಡಿದ.

ದೃಶ್ಯ ಸರಳ. ಮನೆಯಲ್ಲಿ ಹುಡುಗಿಯೊಬ್ಬಳೇ ಸ್ನಾನಕ್ಕೆ ಹೋಗಿದ್ದಾಳೆ. ಬಾಗಿಲಿನ ಹಿಡಿ ಮೆಲ್ಲಗೆ ತಿರುಗುತ್ತದೆ. ಚಾಕು ಹಿಡಿದವನೊಬ್ಬ ಒಳಗೆ ಬಂದು, ಅಡುಗೆಮನೆ ದಾಟಿ ನಡೆಯುತ್ತಾನೆ. ಚುಕ್ಕಿ ಕಣ್ಣನ್ನು ಬೆಳಕಿನ ಮೇಲೆ ಇಟ್ಟಿದ್ದಳು, ಕನ್ನಡಕ ಕಿವಿಯನ್ನು ಹೆಡ್‌ಫೋನಿಗೆ ಕೊಟ್ಟಿದ್ದ. ಅಪ್ಪನ ಕಾಲರಿಗೆ ಸಿಕ್ಕಿಸಿದ್ದ ಪುಟ್ಟ ಮೈಕನ್ನು ಆಫ್ ಮಾಡುವುದು ಇಬ್ಬರಿಗೂ ನೆನಪಾಗಲಿಲ್ಲ. ಎಷ್ಟು ಸಲ ಹೇಳಿದರೂ ಅಪ್ಪ ಬೇಜಾರಿಲ್ಲದೆ ಬಾಗಿಲಾಚೆ ಹೋಗಿ ಮತ್ತೆ ಬಂದ. ಮಧ್ಯೆ ಮಧ್ಯೆ ಮೂಲೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕುಳಿತು ಸುಧಾರಿಸಿಕೊಂಡ. ಮಧ್ಯಾಹ್ನದ ಹೊತ್ತಿಗೆ ಮೂವರೂ ಒಬ್ಬರಿಗೊಬ್ಬರು ಕೈ ಕುಲುಕಿ, ನಿಜವಾದ ಸಿನಿಮಾದವರ ಹಾಗೆ ಬೀಗಿದರು.

ತರಗತಿಯಲ್ಲಿ ಮೊದಲ ಪ್ರದರ್ಶನದ ದಿನ ಮನೆಯವರು ಬರಬಹುದು ಎಂದು ಮೇಡಂ ಹೇಳಿದ್ದರು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕುಳಿತ. ದೀಪ ಆರಿತು. ಬಾಗಿಲಿನ ಹಿಡಿ ತಿರುಗಿತು, ತರಗತಿ ಗಪ್‌ಚಿಪ್ಪಾಯಿತು. ಕೊಲೆಗಾರ ಒಳಗೆ ಕಾಲಿಟ್ಟ. ಇಟ್ಟವನು ಕಾಲೊರಸಿನ ಮೇಲೆ ನಿಂತು ಎರಡೂ ಬೂಟನ್ನು ಚೆನ್ನಾಗಿ ಉಜ್ಜಿಕೊಂಡ. ಪರರ ಮನೆಗಳ ಒಳಗೆ ಹೋಗಿ ಹೋಗಿ ಕಾಲಿಗೆ ಅಂಟಿದ ಅಭ್ಯಾಸ ಅದು. ದಿನವೂ ನೋಡಿದ್ದೇ ಆದ್ದರಿಂದ ಜೋಡಿಸಿ ನೋಡುವಾಗಲೂ ಚುಕ್ಕಿಯ ಕಣ್ಣಿಗೆ ಬಿದ್ದಿರಲಿಲ್ಲ. ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಅವನು ಚಾಕು ಹಿಡಿದು ಅಡುಗೆಮನೆ ದಾಟುತ್ತ, ಇನ್ನೊಂದು ಅಂಗೈಯನ್ನು ಕಲ್ಲಿನ ಅಂಚಿನ ಉದ್ದಕ್ಕೂ ಸವರಿ, ಬಗ್ಗಿ ಒಂದು ಕಣ್ಣು ಮುಚ್ಚಿ, ಮಟ್ಟ ಸರಿಯಿದೆಯೇ ಎಂದು ನೋಡಿದ. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಚುಕ್ಕಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ತಿರುಗಿ ನೋಡಿದರೆ ಅಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲದೆ ಎದ್ದು ಹೊರಗೆ ಹೋದ. ನೋಡಿದವರು ಒಂದೊಂದು ಚೀಟಿಯಲ್ಲಿ ಅಭಿಪ್ರಾಯ ಬರೆದು ಕೊಡುವ ಪದ್ಧತಿ. ಒಂದರಲ್ಲಿ ‘ಕೊಲೆಗಾರ ತುಂಬಾ ಒಳ್ಳೆಯವನು’ ಎಂದಿತ್ತು. ಇನ್ನೊಂದರಲ್ಲಿ ‘ನಮ್ಮ ಮನೆಗೂ ಕಳಿಸಿ’ ಎಂದಿತ್ತು. ದಾರಿಯಲ್ಲಿ ಅಪ್ಪ ಒಂದೇ ಮಾತು ಕೇಳಿದ.

“ನಾನು ಕೆಡಿಸಿದ್ನಾ?”

ಇಲ್ಲ ಎಂದಳು ಚುಕ್ಕಿ. ಬೇರೇನು ಹೇಳಲು ಸಾಧ್ಯವಿತ್ತು?

ಮೇಡಂ ಕೆಟ್ಟವರಲ್ಲ. ಮರುದಿನ ಇಬ್ಬರನ್ನೂ ಕೂರಿಸಿಕೊಂಡು, ಅಂಕ ಕೊಡುವ ಕ್ರಮ ತಾವು ಮಾಡಿದ್ದಲ್ಲ, ಮೇಲಿನಿಂದ ಬಂದದ್ದು ಎಂದು ಬಿಡಿಸಿ ಹೇಳಿದರು. ಬೆಳಕಿಗಿಷ್ಟು, ಚೌಕಟ್ಟಿಗಿಷ್ಟು, ಶಬ್ದಕ್ಕಿಷ್ಟು. ಎಲ್ಲಕ್ಕಿಂತ ಹೆಚ್ಚು, ಭಯ ಹುಟ್ಟುತ್ತದೆಯೇ ಎಂಬುದಕ್ಕೆ. ಆ ಮುಖ ಇಟ್ಟುಕೊಂಡು ಭಯ ಹುಟ್ಟಿಸುವುದು ಕಷ್ಟ, ಅದು ಅಷ್ಟು ಸಾಧು ಮುಖ ಎಂದರು. ತಿದ್ದಿ ಕೊಡಲು ಒಂದು ವಾರ ಬಿಟ್ಟರು. ಮುಂದಿನ ಓದಿಗೆ ಈ ಅಂಕವೇ ಆಧಾರವಾಗಿದ್ದರಿಂದ ಚುಕ್ಕಿ ತಲೆ ತಗ್ಗಿಸಿಕೊಂಡು ಒಪ್ಪಿದಳು.

ಅಪ್ಪನಿಗೆ ತಿಳಿಸದೆ, ಕನ್ನಡಕನ ಅಣ್ಣನಿಗೆ ಬೂಟು ಹಾಕಿಸಿ ಕಾಲನ್ನಷ್ಟೇ ಶೂಟ್ ಮಾಡಿದರು. ಗೋಡೆಯ ಮೇಲೆ ನೆರಳು, ಕಲ್ಲಿನ ಮೇಲೆ ಚಾಕುವಿನ ತುದಿ. ಮುಖವೇ ಇಲ್ಲ. ಆದರೂ ಏನೋ ಸಾಲದು ಅನ್ನಿಸುತ್ತಿತ್ತು. ಹಳೆಯ ಶಬ್ದವನ್ನೆಲ್ಲ ಜಾಲಾಡುತ್ತಿದ್ದ ಕನ್ನಡಕ, ಮರೆತು ಬಿಟ್ಟಿದ್ದ ಮೈಕಿನಲ್ಲಿ ಸೇರಿಕೊಂಡಿದ್ದ ಒಂದು ತುಣುಕನ್ನು ಹುಡುಕಿ ಚುಕ್ಕಿಯ ಕಿವಿಗೆ ಹೆಡ್‌ಫೋನ್ ಇಟ್ಟ. ಅಪ್ಪನ ಉಸಿರು. ಒಳಗೆ ಹೋಗುವಾಗ ಬಟ್ಟೆ ಹರಿದ ಹಾಗೆ, ಹೊರಗೆ ಬರುವಾಗ ಸಣ್ಣದೊಂದು ಸೀಟಿ. ಅದನ್ನು ಬೂಟಿನ ಹೆಜ್ಜೆಗೆ ಹೊಂದಿಸಿ ಕೂರಿಸಿದರು. ಎರಡನೆಯ ಸಲ ತೋರಿಸಿದಾಗ ಒಬ್ಬರೂ ಮಿಸುಕಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಾಲನ್ನು ಎತ್ತಿ ಕುರ್ಚಿಯ ಮೇಲೆ ಮಡಚಿಕೊಂಡಳು. ಮೇಡಂ ಕತ್ತಲಲ್ಲೇ ಚುಕ್ಕಿಯ ಭುಜ ತಟ್ಟಿದರು.

ವಾರ ಕಳೆದ ಮೇಲೆ ಅವರು ಚುಕ್ಕಿಯನ್ನು ತಮ್ಮ ಕೋಣೆಗೆ ಕರೆದರು. ಅಂಕ ಹಾಕಿ ಪರೀಕ್ಷಾ ಮಂಡಳಿಗೆ ಕಳಿಸಿಯಾಗಿತ್ತು, ತರಗತಿಗೇ ಹೆಚ್ಚು ಇವರದೇ. ಶಬ್ದಕ್ಕಂತೂ ಪೂರ್ತಿ. ಒಂದು ಸಣ್ಣ ಕೆಲಸ ಉಳಿದಿದೆ ಎಂದರು ಮೇಡಂ. ಬೇರೆ ಕಡೆಯಿಂದ ತೆಗೆದುಕೊಂಡ ಶಬ್ದವಿದ್ದರೆ ಮೂಲ ಹೇಳಬೇಕಿತ್ತು.

“ಆ ಉಸಿರು ಯಾವ ಸೈಟಿಂದ ಇಳಿಸ್ಕೊಂಡ್ರಿ?”

“ಸೈಟಿಂದಲ್ಲ ಮೇಡಂ. ನಮ್ಮಪ್ಪಂದು.”

“ಓ. ಮೆಟ್ಟಿಲು ಹತ್ತಿಳಿಸಿ ರೆಕಾರ್ಡ್ ಮಾಡಿದ್ರಾ?”

“ಇಲ್ಲ ಮೇಡಂ. ಕೂತಿದ್ರು.”

ಮೇಡಂ ಬರೆಯುವುದನ್ನು ನಿಲ್ಲಿಸಿದರು. “ಸುಮ್ನೆ ಕೂತಿದ್ರಾ?”

ಹೌದು ಎಂದಳು ಚುಕ್ಕಿ. ಚಿತ್ರ ತಿದ್ದಿದ ವಾರವೆಲ್ಲ ಆ ಉಸಿರನ್ನು ಅವಳು ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲ. ಎಲ್ಲಿ ಕತ್ತರಿಸಬೇಕು, ಎಲ್ಲಿ ಏರಿಸಬೇಕು ಎಂದೇ ಕೇಳಿದ್ದಳು. ಕುರ್ಚಿಯಲ್ಲಿ ಆರಾಮಾಗಿ ಕುಳಿತ ಮನುಷ್ಯನ ಉಸಿರು ಹಾಗಿರಬಾರದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಮೇಡಂ ಒಂದು ಲೋಟ ನೀರು ಮುಂದಿಟ್ಟು, ಯಾರಾದರೂ ಡಾಕ್ಟರಿಗೆ ತೋರಿಸಿ ಎಂದರು. ಅದಕ್ಕಿಂತ ಹೆಚ್ಚು ಅವರಿಗೂ ತಿಳಿಯಲಿಲ್ಲ.

ಕೆಮ್ಮಿನ ನೆಪ ಹೇಳಿ ಅಮ್ಮನೂ ಚುಕ್ಕಿಯೂ ಅಪ್ಪನನ್ನು ಆಸ್ಪತ್ರೆಗೆ ಹೊರಡಿಸಿದರು. ಉಸಿರಿನ ವಿಷಯ ಚುಕ್ಕಿ ಎತ್ತಲಿಲ್ಲ. ಅದನ್ನು ಹೇಳಹೊರಟರೆ ಸಿನಿಮಾದಿಂದ ಅವನ ಮುಖ ಕತ್ತರಿಸಿದ್ದನ್ನೂ ಹೇಳಬೇಕಾಗುತ್ತಿತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಎರಡೂ ಶ್ವಾಸಕೋಶದಲ್ಲಿ ಸುಣ್ಣ ಚಿಮುಕಿಸಿದ ಹಾಗೆ ಚುಕ್ಕೆಗಳು. ಕಲ್ಲಿನ ಧೂಳು ಮಾಡಿದ್ದು ಎಂದರು. ನೀರು ಬಿಟ್ಟುಕೊಂಡು ಕಲ್ಲು ಕೊಯ್ಯುತ್ತೀರೋ ಒಣದೋ ಎಂದು ಅವರು ಕೇಳಿದರು. ನೀರು ಬಿಟ್ಟರೆ ಜನರ ಮನೆಯೆಲ್ಲ ಕೆಸರಾಗುತ್ತದೆ, ಬೈಯುತ್ತಾರೆ ಎಂದ ಅಪ್ಪ. ಮಾಸ್ಕ್ ಹಾಕಿಕೊಂಡರೆ ಕೊಯ್ಯಬೇಕಾದ ಗೆರೆ ಕಾಣುವುದಿಲ್ಲವಂತೆ. ಡಾಕ್ಟರು ಗದರಲಿಲ್ಲ, ಅದರಿಂದಲೇ ಚುಕ್ಕಿಗೆ ಹೆಚ್ಚು ದಿಗಿಲಾಯಿತು.

“ಇವತ್ತಿಂದ ಆ ಕೆಲಸ ಬಿಡಿ. ಹೋಗಿದ್ದು ವಾಪಸ್ ಬರಲ್ಲ. ಉಳಿದಿದ್ದನ್ನ ಕಾಪಾಡ್ಕೋಬೇಕು.”

ಒಪ್ಪಿಕೊಂಡಿರುವ ಎರಡು ಅಡುಗೆಮನೆ ಮುಗಿಸಿ ಬಿಡಬಹುದೇ ಎಂದು ಅಪ್ಪ ಕೇಳಿದ. ಬೇಡ ಎಂದರು ಡಾಕ್ಟರು. ಔಷಧ ಬರೆದುಕೊಟ್ಟರು, ಎದೆಗೆ ಎಳೆದುಕೊಳ್ಳುವ ಪಂಪು ಕೊಟ್ಟರು, ಅದು ಹೋದದ್ದನ್ನು ತರುವುದಿಲ್ಲ ಎಂದು ಅವರೇ ಹೇಳಿದರು.

ಚುಕ್ಕಿ ಮೇಡಂ ಬಳಿಗೆ ಓಡಿದಳು. ಆ ಶಬ್ದ ತೆಗೆದು ಬೇರೆ ಏನಾದರೂ ಹಾಕಿ ಕೊಡುತ್ತೇನೆ, ಅಂಕ ಕಡಿಮೆ ಮಾಡಿದರೂ ಸರಿ ಎಂದು ಬೇಡಿಕೊಂಡಳು. ಮೇಡಂ ಅವಳೆದುರೇ ಮಂಡಳಿಗೆ ಫೋನ್ ಮಾಡಿದರು. ಆ ಕಡೆಯವರು, ಅಂಕ ಗಟ್ಟಿಯಾದ ಮೇಲೆ ಏನನ್ನೂ ಬದಲಿಸಲು ಬರುವುದಿಲ್ಲ ಎಂದರು. ಅದೂ ಅಲ್ಲದೆ ಈ ಚಿತ್ರವನ್ನು ಮಾದರಿಯಾಗಿ ಆರಿಸಿದ್ದೇವೆ, ಮುಂದಿನ ವರ್ಷದಿಂದ ಎಲ್ಲ ಕಾಲೇಜುಗಳಲ್ಲೂ ತೋರಿಸುತ್ತೇವೆ, ನಿಮಗೆ ಅಭಿನಂದನೆ ಎಂದರು. ಮೇಡಂ ಫೋನಿಟ್ಟು, ಮೇಜಿನ ಮೇಲಿನ ಪೆನ್ನುಗಳನ್ನು ಜೋಡಿಸುತ್ತ ಅದನ್ನೆಲ್ಲ ಚುಕ್ಕಿಗೆ ಹೇಳಿದರು.

ಅಪ್ಪ ಈಗ ಮನೆಯಲ್ಲೇ ಇರುತ್ತಾನೆ. ಅಮ್ಮ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸಕ್ಕೆ ಸೇರಿದಳು. ಹೊತ್ತು ಹೋಗದೆ ಅಪ್ಪ ಮನೆಯ ಬಾಗಿಲಿನ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟು ಮುಗಿಸಿದ. ಆಮೇಲೆ ಒಂದು ಸಂಜೆ, ಅಮ್ಮ ಬಟ್ಟೆ ಮಡಚುತ್ತಿರುವಾಗ, ಆ ಸಿನಿಮಾ ತೋರಿಸು ಎಂದ. ಚುಕ್ಕಿ ಹಿಂದೆಲ್ಲ ಏನೇನೋ ಹೇಳಿ ಜಾರಿಕೊಂಡಿದ್ದಳು. ಈ ಸಲ ಆಗಲಿಲ್ಲ. ಫೋನನ್ನು ಅವನ ಕೈಗೆ ಕೊಟ್ಟಳು.

ಅಪ್ಪ ಕದಲದೆ ನೋಡಿದ. ತನ್ನದಲ್ಲದ ಬೂಟು ನಡೆದುಹೋಯಿತು. ಕಲ್ಲಿನ ಮೇಲೆ ಚಾಕು ಗೀರಿತು. ಕೊನೆಗೆ ಕೆಲಸ ಮಾಡಿದವರ ಪಟ್ಟಿಯಲ್ಲಿ ಅಪ್ಪನ ಹೆಸರು ಮೂಡಿ ಮಾಯವಾಯಿತು.

“ಭಾರಿ ಮಾಡಿದ್ದೀರ ಕಣೇ,” ಎಂದ. “ಆ ಉಸಿರು ಯಾರದು? ಕೇಳಿದ್ರೆ ಮೈ ಜುಂ ಅನ್ನತ್ತೆ.”

ಅಮ್ಮನ ಕೈ ದುಪ್ಪಟಿಯ ಮೇಲೆ ನಿಂತಿತು.

“ಕಂಪ್ಯೂಟರಲ್ಲಿ ಸಿಗತ್ತಪ್ಪಾ,” ಎಂದಳು ಚುಕ್ಕಿ.

“ಹಂಗಾದ್ರೆ ನನ್ನ ಹೆಸರು ಯಾಕೆ ಹಾಕಿದ್ದೀಯ? ನಾನು ಎಲ್ಲೂ ಇಲ್ವಲ್ಲ. ತೆಗೆದುಬಿಡು.”

“ಈಗ ಏನೂ ತೆಗೆಯೋಕಾಗಲ್ಲ. ಕಳಿಸಿ ಆಗಿದೆ.”

ಹೋಗಲಿ ಬಿಡು ಎಂದ ಅಪ್ಪ. ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. ಇನ್ನೊಂದು ಸಲ ಹಾಕಲು ಹೇಳಿದ. ಚುಕ್ಕಿ ಹಾಕುವಾಗ ಅವನಿಗೆ ಗೊತ್ತಾಗದಂತೆ ಶಬ್ದ ಇಳಿಸಿದಳು. ಅಪ್ಪ ಫೋನನ್ನು ಕಿವಿಯ ಹತ್ತಿರ ಹಿಡಿದು, ಏನೂ ಕೇಳಿಸುತ್ತಿಲ್ಲ, ಜಾಸ್ತಿ ಮಾಡು ಎಂದ. ಅವಳು ಜಾಸ್ತಿ ಮಾಡಿದಳು.